ಮೊಸರಿಗೆ ಕಟ್ಟಿದ ಗಡಿಯಾರ

ಮದ್ದುಗಳು ಸೋತ ಕಾಲದ ಮಾತು ಇದು. ಕರಿಗುಡ್ಡದವರು ಇಂದಿಗೂ ಹೇಳುತ್ತಾರೆ. ಗರಡಿಯವರು ಹೇಳುವಾಗ ಪೈಲ್ವಾನ ಅಡಿವೆಪ್ಪನಿಂದ ಆರಂಭಿಸುತ್ತಾರೆ. ಹೆಂಗಸರು ಹೇಳುವಾಗ ಅವನ ಹೆಂಡತಿ ನೀಲಗಂಗಾಳಿಂದ. ಹೆಂಗಸರ ಪಾಠ ಹೆಚ್ಚು ಪೂರ್ಣವಾದದ್ದರಿಂದ ಇಲ್ಲಿ ಅದನ್ನೇ ಅನುಸರಿಸಿದೆ.

ಆ ಕಾಲದಲ್ಲಿ ಮೈಯೊಳಗೆ ಹೊಕ್ಕ ರೋಗಾಣುಗಳು ಹಳೆಯ ಮಾತ್ರೆ, ಹಳೆಯ ಸೂಜಿ ಯಾವುದಕ್ಕೂ ಜಗ್ಗದಂತಾಗಿದ್ದವು. ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ನೆಗಡಿಗೂ ನುಂಗಿ, ಮೈಕೈ ನೋವಿಗೂ ನುಂಗಿ, ಅರ್ಧಕ್ಕೇ ಬಿಟ್ಟು, ಜನರೇ ಅವುಗಳಿಗೆ ಸಾಮು ಕಲಿಸಿ ಪೈಲ್ವಾನರನ್ನಾಗಿ ಮಾಡಿದ್ದರು. ಉಳಿದಿದ್ದದ್ದು ಎರಡೇ ಮದ್ದು. ಅವಸರದಿಂದ ತಿಂದು ಅವಸರದಿಂದ ಬೆಳೆಯುವ ರೋಗಾಣುಗಳಿಗೆ ಬಿಳಿ ಮದ್ದು. ನಿಧಾನವಾಗಿ ತಿಂದು ಬಲವಾಗಿ ಬೇರೂರುವ ಮೊಂಡು ಜಾತಿಗೆ ಕೆಂಪು ಮದ್ದು. ಇವೂ ಸೋತರೆ ಮುಂದೆ ಏನೂ ಇರಲಿಲ್ಲ. ಆದ್ದರಿಂದ ಸರಕಾರ ಎರಡನ್ನೂ ಉಕ್ಕಿನ ಕಪಾಟಿನಲ್ಲಿಟ್ಟು, ಕೀಲಿಯನ್ನು ಮನುಷ್ಯರ ಕೈಗೆ ಕೊಡದೆ ಒಂದು ಕ್ಯಾಮೆರಾಕ್ಕೆ ಕೊಟ್ಟಿತು.

ಆ ಕ್ಯಾಮೆರಾ ಹುಡುಕುತ್ತಿದ್ದದ್ದು ಒಂದು ಬಗೆಯ ಸಕ್ಕರೆಯನ್ನು. ಮನುಷ್ಯನ ಜೀವಕೋಶಗಳು ಮೂಸಿಯೂ ನೋಡದ, ರೋಗಾಣುಗಳು ಮಾತ್ರ ಆಸೆಪಟ್ಟು ತಿನ್ನುವ ಸಕ್ಕರೆ ಅದು. ಅದರ ಒಂದೊಂದು ಕಣಕ್ಕೂ ಬೇಗ ಆರಿಹೋಗುವ ವಿಕಿರಣದ ಕಿಡಿಯೊಂದನ್ನು ಅಂಟಿಸಿ ಕೈಯ ನರಕ್ಕೆ ಚುಚ್ಚುತ್ತಿದ್ದರು. ರಕ್ತದಲ್ಲಿ ಸುಮ್ಮನೆ ತೇಲುವ ಕಿಡಿಗೂ ರೋಗಾಣುವಿನ ಹೊಟ್ಟೆ ಸೇರಿದ ಕಿಡಿಗೂ ಇರುವ ಭೇದವನ್ನು ಕ್ಯಾಮೆರಾ ಬಲ್ಲದಾಗಿತ್ತು. ತಿಂದದ್ದು ಮಾತ್ರ ಪರದೆಯ ಮೇಲೆ ಬೆಳಗುತ್ತಿತ್ತು. ಬೆಳಗಿದರೆ ಕಪಾಟು ತಾನಾಗಿ ತೆರೆದು, ತಕ್ಕ ಮದ್ದಿನ ಸೀಸೆಯನ್ನು ಹೊರಗೆ ತಳ್ಳುತ್ತಿತ್ತು.

ಜನ ಅದನ್ನು ದೀಪದ ಸೂಜಿ ಎಂದರು. ಕ್ಯಾಮೆರಾ ಇದ್ದ ಕಟ್ಟಡ ದೀಪಮನೆಯಾಯಿತು. ಜ್ವರದವರನ್ನು ಕಂಡರೆ ‘ಜ್ವರ ಇಳಿಯಿತೇ’ ಎಂದು ಯಾರೂ ಕೇಳುತ್ತಿರಲಿಲ್ಲ, ‘ದೀಪ ಹತ್ತಿತೇ’ ಎಂದು ಕೇಳುತ್ತಿದ್ದರು. ಹತ್ತಿದವರ ಮನೆಯಲ್ಲಿ ಹೋಳಿಗೆಯಾಗುತ್ತಿತ್ತು. ಮೈಯಲ್ಲಿ ರೋಗ ಸಿಕ್ಕಿತೆಂದು ಹೋಳಿಗೆ ಮಾಡಿದ ಕಾಲ ಅದೊಂದೇ ಇರಬೇಕು. ಹತ್ತದವರು ಹಾಸಿಗೆಯ ಬಟ್ಟೆ ಮಡಿಚಿಕೊಂಡು ಮನೆಗೆ ಹೋಗುತ್ತಿದ್ದರು. ಒಂದು ಜ್ವರಕ್ಕೆ ಮೂರು ಬಾರಿ ನೋಡಲು ಅವಕಾಶ, ಒಬ್ಬರಿಗೆ ಎರಡರಲ್ಲಿ ಒಂದೇ ಮದ್ದು. ಇನ್ನೊಂದು ಕಟ್ಟಳೆಯನ್ನು ದೀಪಮನೆಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ದೀಪಕ್ಕೆ ಮೋಸ ಮಾಡಿದವರಿಗೆ ಇನ್ನು ಜೀವಮಾನದಲ್ಲಿ ದೀಪವಿಲ್ಲ, ಮದ್ದಿಲ್ಲ.

ನೀಲಗಂಗಾ ಕರಿಗುಡ್ಡದ ದೀಪಮನೆಯಲ್ಲಿ ಕ್ಯಾಮೆರಾ ನಡೆಸುವವಳು. ಬೆಳಗಿನ ಮೊದಲ ಕೆಲಸ ಆ ದಿನದ ಸಕ್ಕರೆ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು. ಮನೆಯಿಂದ ತಂದ ಮೊಸರನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಕುದಿಸಿ, ಎರಡಕ್ಕೂ ಸಕ್ಕರೆಯ ಒಂದೊಂದು ಹನಿ ಬಿಡುತ್ತಿದ್ದಳು. ಹಸಿ ಮೊಸರಿನಲ್ಲಿ ಜೀವವಿರುತ್ತದೆ. ಅದು ಸಕ್ಕರೆ ತಿಂದು ಬೆಳಗಬೇಕು. ಕುದಿಸಿದ್ದು ಕತ್ತಲೆಯಾಗಿಯೇ ಇರಬೇಕು. ಕರಿಗುಡ್ಡದ ದೀಪಮನೆ ತೆರೆದ ದಿನದಿಂದ ನಡೆದುಬಂದ ರೂಢಿ ಇದು. ಈ ಕಾರಣಕ್ಕೆ ಅತ್ತೆ ದ್ಯಾಮವ್ವನ ಕಾಲು ನೆಲದ ಮೇಲಿರಲಿಲ್ಲ.

“ಏನವಾ, ನಮ್ಮ ಮೊಸರು ಇವತ್ತು ಪಾಸಾತೋ ಇಲ್ಲೋ?” ಎಂದು ಸೊಸೆ ಮನೆಗೆ ಬಂದೊಡನೆ ಕೇಳುವಳು.

“ಫಸ್ಟ್ ಕ್ಲಾಸಿನ್ಯಾಗ ಪಾಸಾತ್ರಿ, ಅತ್ತಿ.”

“ಆಗದ ಏನ! ನಮ್ಮವ್ವನ ಮನಿ ಹೆಪ್ಪು ಅದು. ನಿನಗಿಂತ ಮೊದಲ ಅದಕ್ಕ ಪಗಾರ ಕೊಡಬೇಕು ಆ ಡಾಕ್ಟರು.”

ಆ ವರ್ಷ ಗರಡಿಯ ಮಟ್ಟಿಗೆ ಹೊಸ ಮಣ್ಣು ಬಂತು. ಕುಸ್ತಿಯ ಅಖಾಡದ ಮಣ್ಣಿಗೆ ಅಲ್ಲಿ ಮಟ್ಟಿ ಎನ್ನುತ್ತಾರೆ. ಮಜ್ಜಿಗೆ, ಅರಿಷಿಣ, ಎಣ್ಣೆ ಬೆರೆಸಿ ಹಿಟ್ಟಿನ ಹಾಗೆ ಹದ ಮಾಡುತ್ತಾರೆ. ಆ ಸಲದ ಮಣ್ಣನ್ನು ಕೆರೆಯ ಒಡಲಿನಿಂದ ತೋಡಿ ತಂದಿದ್ದರು. ಹುಡುಗರಿಗೆ ಪಟ್ಟು ಕಲಿಸುತ್ತಿದ್ದ ಅಡಿವೆಪ್ಪನ ಮೊಣಕಾಲು ಅದರಲ್ಲಿ ತರಚಿತು. ಗರಡಿಯಲ್ಲಿ ಆದ ಗಾಯಕ್ಕೆ ಅದೇ ಮಣ್ಣನ್ನು ಒತ್ತುವುದು ಅವರ ಪದ್ಧತಿ. ಅವನೂ ಒಂದು ಮುಷ್ಟಿ ತೆಗೆದು ಒತ್ತಿದ. ಗಾಯ ಮಾಯಿತು. ಮಾಯ್ದ ಗಾಯವನ್ನು ಹೆಂಡತಿಗೆ ಹೇಳುವ ಪೈಲ್ವಾನ ಎಲ್ಲಿದ್ದಾನೆ? ಮಾಗಿಯ ಚಳಿ ಹಿಡಿಯುವ ಹೊತ್ತಿಗೆ ಜ್ವರ ಬಂತು. ಬಂದ ಜ್ವರ ಹೋಗಲಿಲ್ಲ. ನಡುವಿನ ಮೂಳೆಯಲ್ಲಿ ಯಾರೋ ಗೂಟ ಹೊಡೆದಂತಾಗಿ ಅವನು ಮಗ್ಗುಲು ಬದಲಿಸಲಾರದವನಾದ.

ಮೊದಲ ಸಲ ದೀಪಮನೆಗೆ ಕರೆತಂದಾಗ ನೀಲಗಂಗಾ ಹೆದರಲಿಲ್ಲ. ಇಂಥ ಜ್ವರಕ್ಕೆ ದೀಪ ಹತ್ತದೆ ಇರುವುದುಂಟೇ ಎಂಬ ಧೈರ್ಯ. ಸೂಜಿ ಕೊಟ್ಟು, ಕ್ಯಾಮೆರಾದ ಆಳೆತ್ತರದ ಉಕ್ಕಿನ ಬಳೆಯೊಳಗೆ ಮಲಗಿಸಿ, ನಿಗದಿಯ ಹೊತ್ತು ಕಾದು, ಚಿತ್ರ ತೆಗೆದಳು. ಪರದೆ ಕಪ್ಪಾಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ನೋಡಿದಳು. ಮತ್ತೆ ಕಪ್ಪು.

ದೀಪಮನೆಯ ಮುಖ್ಯಸ್ಥ ಡಾಕ್ಟರ್ ಪದ್ಮರಾಜ ಉಪಾಧ್ಯೆ ಕೆಟ್ಟ ಮನುಷ್ಯನಲ್ಲ. ಎರಡೂ ಸಲ ಅವಳ ಪಕ್ಕದಲ್ಲೇ ನಿಂತು ಪರದೆ ನೋಡಿದರು.

“ಸರ, ಮೈ ಮುಟ್ಟಿ ನೋಡ್ರಿ. ಕೆಂಡ ಆಗೈತಿ.”

“ಕೆಂಡ ನನಗೂ ಗೊತ್ತಾಗಾಕತ್ತೈತಿ, ನೀಲಗಂಗಾ. ಆ ಕಪಾಟಿಗೆ ಗೊತ್ತಾಗಬೇಕಲ್ಲ? ಅದು ನನ್ನ ಮಾತು ಕೇಳೂದಿಲ್ಲ.”

“ನೀವು ಡಾಕ್ಟರು, ಅದು ಕಪಾಟು.”

“ಅದಕ್ಕ ಹೇಳಿದೆ,” ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಗರಡಿಯ ಉಸ್ತಾದ ಹುಸೇನಸಾಬ ಕೂತಿದ್ದ. ಅಡಿವೆಪ್ಪನನ್ನು ಏಳನೆಯ ವಯಸ್ಸಿನಿಂದ ಮಟ್ಟಿಗೆ ಇಳಿಸಿ ಬೆಳೆಸಿದವನು ಅವನೇ. ಹೋದ ವರ್ಷ ಅವನ ಹೆಂಡತಿ ಜೈನಬಿಗೂ ಇಂಥದೇ ಜ್ವರ ಬಂದಿತ್ತು. ಮೂರು ಸಲವೂ ಪರದೆ ಕಪ್ಪಾಗಿ, ಅವಳು ಮನೆಗೆ ಹೋಗಿ ತೀರಿಕೊಂಡಿದ್ದಳು. ‘ದೀಪ ಹತ್ತಲಿಲ್ಲ, ಕಾಕಾ’ ಎಂದು ಆಗ ಹೇಳಿದವಳು ನೀಲಗಂಗಾಳೇ. ಈಗ ಅವನು ಅವಳ ಮುಖ ನೋಡಿಯೇ ತಿಳಿದುಕೊಂಡ.

ಮನೆಯಲ್ಲಿ ಅಡಿವೆಪ್ಪ ಇನ್ನೂ ನಗಿಸಲು ನೋಡುತ್ತಿದ್ದ. “ನಿಮ್ಮ ಮಷೀನಿಗೆ ಕಣ್ಣಬ್ಯಾನಿ ಬಂದೈತೇನ? ಊರ ಮಂದಿಗೆಲ್ಲಾ ದೀಪ ಹಚ್ಚಾಕಿ, ಗಂಡನ್ನ ಮಾತ್ರ ಕತ್ತಲಾಗ ಇಟ್ಟಿ.”

“ಸುಮ್ನ ಮಲಗ್ರಿ. ಮಾತಾಡಿದ್ರ ದಣವಾಗತೈತಿ.”

“ಮಾತಾಡದ ಮಲಗಿದವ್ರನ್ನ ನೋಡಿ ಬಂದೀನಿ. ಅವ್ರು ಏಳೂದಿಲ್ಲ.”

ಅವನ ತೋಳುಗಳು ಕರಗಿ ಹೋಗಿದ್ದವು. ಗಂಜಿ ಕುಡಿಸಲು ತಲೆ ಎತ್ತಿದರೆ ಮಗುವಿನ ತಲೆಯಷ್ಟು ಹಗುರ. ದ್ಯಾಮವ್ವ ದೇವರ ಮುಂದೆ ಕೂತು, ಮಗನ ಮೈಯಲ್ಲಿ ದೀಪ ಹತ್ತಲಿ ಎಂದು ಎಣ್ಣೆಯ ದೀಪ ಹಚ್ಚಿದ್ದಳು. ಮಗನಿಗೆ ರೋಗ ಕಾಣಿಸಲಿ ಎಂದು ಬೇಡುವುದು ಹೇಗೆಂದು ತಿಳಿಯದೆ ಬೇಡುವ ಬಾಯಿ ನಡುವೆ ನಿಂತುಹೋಗುತ್ತಿತ್ತು.

ಅಂದು ಸಂಜೆ ನೀಲಗಂಗಾ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಬೆರಳ ತುದಿಯ ಹೆಪ್ಪನ್ನು ಪಾತ್ರೆಗೆ ಬಿಟ್ಟವಳು ಹಾಗೆಯೇ ನಿಂತಳು. ಕ್ಯಾಮೆರಾಕ್ಕೆ ಜೀವ ಬೇಕು. ಯಾರ ಜೀವ ಎಂದು ಅದು ಕೇಳುವುದಿಲ್ಲ. ಪ್ರತಿ ಬೆಳಿಗ್ಗೆ ಅದು ಈ ಮೊಸರನ್ನು ಕಂಡು ಬೆಳಗುತ್ತದೆ. ಸಕ್ಕರೆಯ ಹನಿ ಬಿಟ್ಟ ಮೊಸರು ಒಂದು ಚೀಲದಷ್ಟು ಅವನ ನಡುವಿನ ಹತ್ತಿರ ಇದ್ದರೆ?

ಬಾಗಿಲ ಮೇಲಿನ ದೊಡ್ಡ ಅಕ್ಷರಗಳು ಕಣ್ಣ ಮುಂದೆ ಬಂದವು. ಅವಳು ಪಾತ್ರೆಯ ಬಾಯಿ ಮುಚ್ಚಿ, ಮೇಲೆ ತಟ್ಟೆಯಿಟ್ಟು, ಒಳಗೆ ಹೋದಳು.

ಮೂರನೆಯ ದಿನ ಕೊನೆಯ ನೋಟದ ಸರದಿ ಬಂತು. ಬೆಳಗಿನ ಪರೀಕ್ಷೆಗೆಂದು ಬಂದ ಸಕ್ಕರೆಯಲ್ಲಿ ಸ್ವಲ್ಪ ಉಳಿಸಿಕೊಂಡಿದ್ದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊಸರಿನ ಪುಟ್ಟ ರಬ್ಬರು ಚೀಲಕ್ಕೆ ಅದನ್ನು ಬೆರೆಸಿ, ಗಂಡನ ಸೊಂಟದ ಪಟ್ಟಿಯೊಳಗೆ ಎಡಗಡೆ ಸೇರಿಸಿ ಬಿಗಿದಳು. ಅವನು ಅವಳ ಕೈ ಹಿಡಿದ, ಹಿಡಿತದಲ್ಲಿ ಬಲವಿರಲಿಲ್ಲ.

“ಏನಿದು?”

“ಮೊಸರು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನೀಲಾ, ನಾ ಎಂದೂ ಕಣದಾಗ ಕಳ್ಳ ಪಟ್ಟು ಹಾಕಿದಾಂವ ಅಲ್ಲ.”

“ಎದುರಿಗೆ ಇದ್ದಾಂವ ಮನಷ್ಯಾ ಇದ್ನಲ್ರಿ. ಇದು ಮನಷ್ಯಾ ಅಲ್ಲ.”

“ಸಿಕ್ರ?”

“ಸಿಕ್ರ ನೋಡೋಣು. ಸತ್ರ ನೋಡಾಕ ಏನೈತಿ?”

ಅವನು ಕಣ್ಣು ಮುಚ್ಚಿದ. “ಮೊಸರು ಕಟಗೊಂಡು ಕುಸ್ತಿ ಮಾಡೂದು ಇದ ಮೊದಲ,” ಎಂದವನ ತುಟಿಯಲ್ಲಿ ನಗುವಿನಂಥದ್ದು ಬಂದು ಹೋಯಿತು.

ಸೂಜಿ ಕೊಟ್ಟಳು. ಗಾಜಿನ ಗೋಡೆಯ ಈಚೆ ಬಂದು ಕುರ್ಚಿಯಲ್ಲಿ ಕೂತಳು. ನಿಗದಿಯ ಹೊತ್ತು ಮುಗಿಯುತ್ತಲೇ ಕ್ಯಾಮೆರಾ ತಾನಾಗಿ ಚಿತ್ರ ತೆಗೆಯಿತು. ಪರದೆ ಕಪ್ಪು. ಎಡಸೊಂಟದಲ್ಲಿಯೂ ಕಪ್ಪು.

ಚೀಲ ಕಟ್ಟಿದ್ದ ಜಾಗವನ್ನೇ ಅವಳು ಮತ್ತೊಮ್ಮೆ ದಿಟ್ಟಿಸಿದಳು. ಆಮೇಲೆ ಹೊಳೆಯಿತು: ಚಳಿಯ ಬೆಳಗು, ದಿನದ ಪರೀಕ್ಷೆಗೆ ಮಾಡುವಂತೆ ಮೊಸರನ್ನು ಮೊದಲು ಬೆಚ್ಚಗೆ ಮಾಡಿರಲಿಲ್ಲ, ಮಂಜಿನಂತೆ ತಣ್ಣಗಿತ್ತು. ಅದರ ಜೀವಗಳು ಇನ್ನೂ ಮಲಗಿವೆ. ಮೈಯ ಬಿಸಿ ತಾಗಿ ಏಳಬೇಕು. ರೋಗಿ ಅಲುಗಾಡಿ ಚಿತ್ರ ಕೆಟ್ಟರೆ ಮತ್ತೆ ತೆಗೆಯಲು ಅನುಮತಿಯಿತ್ತು. ಅವಳು ಮೈಕು ಒತ್ತಿ, “ಕಾಲು ಸ್ವಲ್ಪ ಅಲಗಿಸ್ರಿ,” ಎಂದಳು. ಅವನು ಅಲುಗಿಸಿದ, ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು. ಮತ್ತೆ ಕಾದಳು. ಮತ್ತೆ ಅಲುಗಿಸೆಂದಳು. ಜ್ವರದ ಗಂಡನಿಗೆ ಹೀಗೆ ಮೂರು ಸಲ ಬೇಕೆಂದೇ ನೋವು ಕೊಟ್ಟಳು.

ಕೊನೆಗೆ ಎಡಸೊಂಟದಲ್ಲಿ ಬೆಳಕು ಮೂಡಿತು. ಅಂಚಿನಿಂದ ಅಂಚಿಗೆ ತುಂಬಿ, ಹಳದಿಗೆ ತಿರುಗಿ, ಧಗಧಗನೆ ಬೆಳಗಿತು. ಅವಳ ಬೆನ್ನ ಹಿಂದಿನ ಕಪಾಟು ‘ಕಟ್’ ಎಂದು ತೆರೆದು, ಬಿಳಿ ಮದ್ದಿನ ಸೀಸೆ ತಟ್ಟೆಗೆ ಬಂದು ಬಿತ್ತು. ನೀಲಗಂಗಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ತಣ್ಣಗಿತ್ತು. ಕ್ಯಾಮೆರಾ ನಿಲ್ಲಿಸಲೆಂದು ಮತ್ತೆ ಪರದೆಯತ್ತ ತಿರುಗಿದಳು.

ಬೆನ್ನುಮೂಳೆಯ ಕೆಳಭಾಗದಲ್ಲಿ ಎರಡು ಚುಕ್ಕೆಗಳಿದ್ದವು.

ಕಣ್ಣು ದಣಿದಿರಬೇಕು ಎಂದುಕೊಂಡಳು. ಗುಂಡಿ ಒತ್ತದೆ ಕಾದಳು. ಚುಕ್ಕೆಗಳು ಹೋಗಲಿಲ್ಲ. ಬೂದಿಯ ಕೆಳಗಿನ ಕೆಂಡದಂತೆ, ಮಂದವಾಗಿ, ಅವಸರವಿಲ್ಲದೆ ದಪ್ಪವಾಗುತ್ತಿದ್ದವು. ಅಲ್ಲಿ ಮೊಸರಿರಲಿಲ್ಲ. ಅಲ್ಲಿ ಅವನ ನೋವಿತ್ತು.

ಈ ಜಾತಿ ನಿಧಾನವಾಗಿ ತಿನ್ನುವಂಥದು. ಹಿಂದಿನ ಎರಡು ಸಲವೂ ಅದು ಉಣ್ಣಲು ಕೂರುವ ಮೊದಲೇ ಎಲೆ ಎತ್ತಿದ್ದರು. ಇದಕ್ಕೆ ಬೇಕಾದದ್ದು ಕೆಂಪು ಮದ್ದು. ಅವಳು ಎದೆಗೆ ಒತ್ತಿಕೊಂಡಿದ್ದದ್ದು ಬಿಳಿಯದು. ಮೊಸರಿಗಾಗಿ ಕಪಾಟು ಕೊಟ್ಟದ್ದು. ಇದನ್ನು ಚುಚ್ಚಿದರೆ ಅವನ ಪಾಲಿನ ಮದ್ದು ಮುಗಿಯಿತು. ಚುಚ್ಚದೆ ಸುಮ್ಮನಿದ್ದರೆ ಮೂರನೆಯ ಅವಕಾಶ ಮುಗಿಯಿತು. ಮೈಯೊಳಗಿನ ಕಿಡಿಗಳು ಆರುತ್ತ ಬಂದಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಆ ಚುಕ್ಕೆಗಳೂ ಕಾಣಲಾರವು. ತನ್ನ ದೀಪವನ್ನು ತಾನೇ ಕಿತ್ತು, ಅವನ ದೀಪವನ್ನು ತೋರಿಸಬೇಕು. ಬೇರೆ ದಾರಿ ಇರಲಿಲ್ಲ.

ಅವಳು ಕರೆಗಂಟೆ ಒತ್ತಿದಳು. ಪದ್ಮರಾಜರು ಬಂದರು. ಹೊಳೆಯುವ ಪರದೆ ಕಂಡು ಅವರ ಮುಖ ಅರಳಿತು.

“ಹತ್ತಿತಲ್ಲ, ನೀಲಗಂಗಾ! ಹತ್ತಿತು!”

“ಸರ, ನೀವು ಪರದೆನ ನೋಡ್ತಾ ಇರ್ರಿ. ನನ್ನ ಮುಖ ನೋಡಬ್ಯಾಡ್ರಿ.”

ಒಳಗೆ ಹೋದಳು. ಹೊದಿಕೆ ಸರಿಸಿ, ಗಂಡನ ಸೊಂಟದ ಪಟ್ಟಿಯಿಂದ ಚೀಲವನ್ನು ಎಳೆದು, ಬಳೆಯಿಂದ ಹೊರಗೆ ತೆಗೆದುಕೊಂಡು ದೂರ ನಿಂತಳು. ಗಾಜಿನಾಚೆ ಡಾಕ್ಟರ ಮುಖದ ಮೇಲೆ ಬಿದ್ದಿದ್ದ ಪರದೆಯ ಬೆಳಕು ತಟ್ಟನೆ ಕುಂದಿದ್ದು ಅವಳಿಗೆ ಕಂಡಿತು. ಕುಂದಿತು, ಆದರೆ ಪೂರ್ತಿ ಆರಲಿಲ್ಲ.

ಅವಳು ಈಚೆ ಬಂದಾಗ ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತಿದ್ದರು.

“ಎಷ್ಟು ಹೊತ್ತು ಕಾದ್ರಿ?”

“ನಿಗದಿಗಿಂತ ಬಾಳ, ಸರ.”

“ಆ ನಿಗದಿ ಹೆಂಗ ಬಂತು, ಗೊತ್ತೈತಿ?” ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕಟ್ಟಡ ತೆರೆದ ದಿವಸ, ಎಷ್ಟು ಹೊತ್ತು ಕಾಯಬೇಕಂತ ನೋಡಾಕ ಒಂದು ಜೀವ ಬೇಕಾಗಿತ್ತು. ಕ್ಯಾಂಟೀನಿಂದ ಮೊಸರು ತರಿಸಿದೆ. ಮೊಸರು ಬೆಳಗಿದ ಹೊತ್ತನ್ನ ಹೊತ್ತು ಅಂತ ಬರದು ಸೀಲ್ ಮಾಡಿದೆ. ಈ ಗಡಿಯಾರ ಮೊಸರಿಗೆ ಕಟ್ಟಿದ್ದು, ನೀಲಗಂಗಾ. ನಾನ ಕಟ್ಟಿದ್ದು. ಮೊಸರಿಗೆ ಅವಸರ. ಇದಕ್ಕ ಇಲ್ಲ.”

ಬಾಗಿಲ ಬಳಿ ಸದ್ದಾಯಿತು. ಕರೆಗಂಟೆ ಕೇಳಿ, ಏನೋ ಆಗಿಹೋಯಿತೆಂದು ಹೆದರಿ ಹುಸೇನಸಾಬ ಒಳಗೆ ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಡಾಕ್ಟರ್ರ,” ಎಂದ. ದನಿ ಮೆತ್ತಗಿತ್ತು. “ನಮ್ಮ ಜೈನಬಿಗೂ ಇಷ್ಟ ಹೊತ್ತು ಕಾದಿದ್ರ ಹತ್ತಿರ್ತಿತ್ತೇನ್ರಿ?”

ಪದ್ಮರಾಜರು ಕನ್ನಡಕ ತೆಗೆದರು, ಒರೆಸದೆ ಕೈಯಲ್ಲೇ ಹಿಡಿದುಕೊಂಡರು. ಮುದುಕ ಉತ್ತರಕ್ಕೆ ಕಾಯುತ್ತಲೇ ಇದ್ದ. ನೀಲಗಂಗಾ ಅವನ ಬಳಿ ಹೋಗಲು ಎದ್ದಳು. ಅವನು ಕೈ ಅಡ್ಡ ಹಿಡಿದು ತಡೆದ.

“ನನ್ನ ಕಡೆ ಬರಬ್ಯಾಡವಾ. ಮೊದಲ ಅವಗ ಮದ್ದು ಹಾಕಸು.”

ಬಿಳಿ ಸೀಸೆಯನ್ನು ಕಪಾಟಿಗೆ ಮರಳಿಸದೆ ಕೆಂಪು ಸೀಸೆ ಬರುವಂತಿರಲಿಲ್ಲ. ಮರಳಿಸಲು ಕಾರಣ ಹೇಳಬೇಕು. ಪದ್ಮರಾಜರು ‘ಮೋಸ’ ಎಂದು ಒತ್ತಿದರು. ಯಾರಿಂದ ಎಂದು ಯಂತ್ರ ಕೇಳಿತು.

ಮೈಕು ತೆರೆದೇ ಇತ್ತು. ಒಳಗಿನಿಂದ ಅಡಿವೆಪ್ಪನ ದನಿ ಬಂತು. “ನನ್ನ ಹೆಸರ ಹಾಕ್ರಿ. ಕಟಗೊಂಡಾಂವ ನಾನ.”

“ಕಟ್ಟಿದಾಕಿ ನಾನ್ರಿ, ಸರ,” ಎಂದಳು ನೀಲಗಂಗಾ. “ಅವ್ರ ಹೆಸರ ಹಾಕಿದ್ರ ಅವ್ರಿಗೆ ಮದ್ದ ಬರೂದಿಲ್ಲ. ಇಷ್ಟೆಲ್ಲಾ ಮಾಡಿದ್ದು ಯಾತಕ್ಕ?”

“ನೀಲಾ, ಬ್ಯಾಡ! ಕೇಳ ನನ್ನ ಮಾತ!”

ಅವಳು ಕೈ ಚಾಚಿ ಮೈಕು ಮುಚ್ಚಿದಳು. ಗಾಜಿನಾಚೆ ಅವನ ಬಾಯಿ ಇನ್ನೂ ಆಡುತ್ತಿತ್ತು.

“ನೀಲಗಂಗಾ, ಇದನ್ನ ಆಮ್ಯಾಲ ಅಳಸಾಕ ಆಗೂದಿಲ್ಲ,” ಎಂದರು ಡಾಕ್ಟರು.

“ಗೊತ್ತೈತ್ರಿ. ಚುಕ್ಕಿ ಆರಾಕತ್ತಾವು, ಲಗೂ ಒತ್ರಿ.”

ಅವರು ಒತ್ತಿದರು. ಕಪಾಟು ತೆರೆಯಿತು.

ಗರಡಿಯವರ ಪಾಠದಲ್ಲಿ ಕಥೆ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತದೆ. ಅಡಿವೆಪ್ಪ ಬದುಕಿದ, ನಡು ಸ್ವಲ್ಪ ಬಾಗಿದರೂ ಎದ್ದು ನಿಂತ, ಮಟ್ಟಿಯ ಮಣ್ಣನ್ನು ಹೊರಹಾಕಿಸಿ ಹೊಸ ಮಣ್ಣು ತರಿಸಿದ ಎಂದು ಹೇಳಿ ಅವರು ಮೀಸೆ ಸವರುತ್ತಾರೆ. ಹೆಂಗಸರು ಮುಂದುವರಿಸುತ್ತಾರೆ. ಪದ್ಮರಾಜರು ಗಡಿಯಾರದ ಸೀಲು ಒಡೆದು, ಕತ್ತಲೆಯೆಂದು ಕಳಿಸಿದವರನ್ನೆಲ್ಲ ಮರಳಿ ಕರೆಯಲು ತಾವೇ ಮನೆಮನೆಗೆ ಹೋದರಂತೆ. ಕೆಲವು ಮನೆಗಳಲ್ಲಿ ಕರೆಯಲು ಜನ ಉಳಿದಿರಲಿಲ್ಲ. ಹುಸೇನಸಾಬನ ಮನೆಯ ಕಟ್ಟೆಯ ಮೇಲೆ ಅವರು ಇಡೀ ಒಂದು ಮಧ್ಯಾಹ್ನ ಕೂತಿದ್ದರು.

ನೀಲಗಂಗಾಳ ಕೆಲಸ ಹೋಯಿತು. ಅದು ದೊಡ್ಡದಲ್ಲ. ಬಾಗಿಲ ಮೇಲಿನ ಕಟ್ಟಳೆಯಂತೆ ಇನ್ನು ಜೀವಮಾನದಲ್ಲಿ ಅವಳಿಗೆ ದೀಪವಿಲ್ಲ, ಮದ್ದಿಲ್ಲ. ಅವಳು ಬರಿಗಾಲಲ್ಲಿ ಅಂಗಳಕ್ಕಿಳಿದರೆ ದ್ಯಾಮವ್ವ ಚಪ್ಪಲಿ ಹಿಡಿದು ಹಿಂದೆ ಓಡುವಳು. ಬೇಲಿಯ ಬದಿಗೆ ಹೋಗಗೊಡುವುದಿಲ್ಲ. ಪಕ್ಕದ ಮನೆಯವರಿಗೆ ಕೆಮ್ಮು ಬಂದರೆ ಈ ಮನೆಯ ಕದ ಮುಚ್ಚುತ್ತದೆ. “ನನ್ನನ್ನೇನ ಗಾಜಿನ ಬಳಿ ಮಾಡಿಟ್ರ್ಯಾ?” ಎಂದು ಅವಳು ನಗಾಡಿದರೆ ಯಾರೂ ನಗುವುದಿಲ್ಲ.

ಯುಗಾದಿಯ ಮುನ್ನಾದಿನ, ಎಲ್ಲರೂ ಅಡುಗೆಮನೆಯಲ್ಲಿದ್ದರು. ಅತ್ತೆಗೆ ಕಣ್ಣು ಮಂಜು. ಸೊಸೆ ಅವಳನ್ನು ಎಬ್ಬಿಸಿ ತಾನೇ ಈಳಿಗೆಯ ಮೇಲೆ ಕೂತು ಎಳೆಯ ಬದನೆಕಾಯಿ ಹೆಚ್ಚತೊಡಗಿದಳು. ಅಡಿವೆಪ್ಪ ಗೋಡೆಗೊರಗಿ ಕೂತು, ಮುದುಕ ಉಸ್ತಾದ ಹೊಸ ಹುಡುಗನೊಬ್ಬನನ್ನು ಹೇಗೆ ಬೈದನೆಂದು ಅವನ ದನಿಯಲ್ಲೇ ಹೇಳುತ್ತಿದ್ದ. ನೀಲಗಂಗಾ ನಕ್ಕಳು. ನಗುವಿನಲ್ಲಿ ಕೈ ಜಾರಿತು.

ಬೆರಳ ತುದಿಯಲ್ಲಿ ಕೆಂಪು ಗೆರೆ. ಒಂದು ಹನಿ ಬದನೆಯ ಹೋಳಿನ ಮೇಲೆ ಬಿತ್ತು.

“ಏನಿಲ್ರಿ,” ಎಂದಳು. “ಸಣ್ಣದೈತಿ.”

ದ್ಯಾಮವ್ವನ ಕೈಯ ಸೌಟು ನಿಂತಿತು. ಒಲೆಯ ಮೇಲೆ ಬೇಳೆ ಉಕ್ಕಿ ಚೆಲ್ಲಿತು, ಯಾರೂ ಏಳಲಿಲ್ಲ. ಅಡಿವೆಪ್ಪ ಬಾಗಿದ ನಡುವನ್ನು ಎಳೆದುಕೊಂಡು, ನೆಲದ ಮೇಲೆ ತೆವಳುತ್ತಲೇ ಅವಳ ಹತ್ತಿರ ಬಂದ. ಗಾಯದಿಂದ ರಕ್ತ ಒಸರುವುದು ಇನ್ನೂ ನಿಂತಿರಲಿಲ್ಲ. ಅವನ ಅಂಗೈ ಆಗಲೇ ಅವಳ ಹಣೆಯ ಮೇಲಿತ್ತು.